ಸೇತುವೆಯ ನೆತ್ತಿಯ ತನಕ

ನಮ್ಮ ಮನೆಯಲ್ಲಿ ಬಂದ್ ಮುರಿದದ್ದು ಉದ್ದಿನ ಹಿಟ್ಟು. ನಾನಲ್ಲ, ನಮ್ಮವರಲ್ಲ, ಮಗಳೂ ಅಲ್ಲ. ಉದ್ದು ನೆನೆಸಿ, ರುಬ್ಬಿ, ಉಪ್ಪು ಕಲಸಿ ಮುಚ್ಚಿಟ್ಟ ಮೇಲೆ ನಾಳೆ ಬಂದ್ ಎಂದು ಮೈಕಿನಲ್ಲಿ ಕೂಗಿದರೆ ಯಾರು ಏನು ಮಾಡುವುದು? ಹಿಟ್ಟಿಗೆ ಮೈಕು ಕೇಳುವುದಿಲ್ಲ. ಅದು ಉಬ್ಬುತ್ತದೆ. ಆ ದಿನದ ವಿಷಯವನ್ನು ನಮ್ಮವರು ಇದ್ದಷ್ಟು ದಿನ ಒಂದು ಥರ ಹೇಳುತ್ತಿದ್ದರು, ಮಗಳು ಈಗಲೂ ಇನ್ನೊಂದು ಥರ ಹೇಳುತ್ತಾಳೆ. ಇಬ್ಬರ ಮಾತಿನಲ್ಲೂ ಸಿದ್ಧಾಂತ ಗಿದ್ಧಾಂತ ಬಹಳ ಉಂಟು. ನಡೆದದ್ದು ನಾನು ಹೇಳುತ್ತೇನೆ.

ಈಗ ಬರೆಯಲು ಕಾರಣ ಮಗಳ ಮಗಳು ತೂಲಿ. ಅವಳು ಅಡುಗೆ ಕೆಲಸಕ್ಕೆ ಇಳಿಯುತ್ತಾಳಂತೆ, ಆಫೀಸುಗಳಿಗೆ ಊಟ ಕಳಿಸುವ ಕೆಲಸ. "ಅಜ್ಜಿ, ನೀನು ಇಷ್ಟು ವರ್ಷ ಕಿಯಾ ನಾ, ಸಬ್ ಲಿಖ್ ದೋ" ಎಂದಳು, ಇಷ್ಟು ವರ್ಷ ಮಾಡಿದ್ದನ್ನೆಲ್ಲ ಬರೆದುಕೊಡು ಎಂದು. ಅವಳ ಕನ್ನಡ ಹಾಗೇ. ಕೇಳಿದ್ದು ಪೂರಾ ತಿಳಿಯುತ್ತದೆ, ಹೇಳುವಾಗ ಹಿಂದಿಗೆ ಜಾರುತ್ತದೆ. ಓದಲಿಕ್ಕಂತೂ ಬರುವುದಿಲ್ಲ. ಅವಳ ತಾಯಿಯೇ ಓದಿ ಹೇಳಬೇಕು. ತಾಯಿ ತನ್ನ ವಿಷಯ ಬಂದಲ್ಲಿ ಹಾರಿಸುತ್ತಾಳೆ ಎಂದು ಗೊತ್ತಿರುವುದರಿಂದ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ಅಚ್ಚಾದದ್ದನ್ನು ಹಾರಿಸಿದರೆ ಬೇರೆ ಯಾರಾದರೂ ಹೇಳಿಯಾರು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಬ್ರಹ್ಮಾವರದ ಕಡೆಯವಳು. ನಮ್ಮವರು ಇಲ್ಲಿ ಕಲ್ಕತ್ತದಲ್ಲಿ, ನದಿಯಾಚೆ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಬಾಯ್ಲರ್ ಇಂಜಿನಿಯರ್. ಅವರು ಬೆಳಿಗ್ಗೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ನನಗೆ ಬಂಗಾಳಿ ಬಾರದು, ಹಿಂದಿ ಬಾರದು, ಹಗಲೆಲ್ಲ ಮಾತಿಗೆ ಜನ ಇಲ್ಲ. ಊರ ಕಡೆಯ ನಾಲ್ಕು ಬ್ಯಾಂಕಿನವರು, ಮದುವೆಯಾಗದವರು, ಹೋಟೆಲಿನ ಎಣ್ಣೆ ತಿಂದು ಹೊಟ್ಟೆ ಕೆಡಿಸಿಕೊಂಡಿದ್ದರು. ಅವರಿಗೆ ಡಬ್ಬಿ ಕಟ್ಟಿ ಕೊಡುವುದರಿಂದ ಶುರುವಾಯಿತು. ಮಾತಾಡಲು ಜನ ಸಿಗುತ್ತಾರೆ ಎಂದು ಮಾಡಿದ ಕೆಲಸ ಅದು. ಹೆಂಗಸರ ಸ್ವಾವಲಂಬನೆ ಎಂದೆಲ್ಲ ಯಾರಾದರೂ ಭಾಷಣ ಮಾಡಿದರೆ ನಂಬಬೇಡ, ತೂಲಿ.

ಮೊದಲ ಚಳಿಗಾಲದಲ್ಲೇ ತಪ್ಪಿದೆ. ಊರಲ್ಲಿ ಸಂಜೆ ರುಬ್ಬಿಟ್ಟರೆ ಬೆಳಿಗ್ಗೆಗೆ ಹಿಟ್ಟು ಉಬ್ಬಿರುತ್ತದೆ, ಅದು ನನಗೆ ಸೂರ್ಯ ಹುಟ್ಟಿದಷ್ಟೇ ಖಾತ್ರಿ. ಇಲ್ಲಿನ ಪೌಷ ಮಾಸದ ಚಳಿಯಲ್ಲಿ ಅದು ಇಟ್ಟ ಹಾಗೇ ಕುಳಿತಿತ್ತು. ಹೇಗೂ ಬೇಯುವಾಗ ಸರಿಯಾಗುತ್ತದೆ ಎಂದು ಇಡ್ಲಿ ಬೇಯಿಸಿ ಕಳಿಸಿದೆ. ಮಧ್ಯಾಹ್ನ ಒಬ್ಬ ಡಬ್ಬಿ ವಾಪಸು ತಂದುಕೊಟ್ಟು, "ಅಕ್ಕ, ನನ್ನ ಮೇಜಿನ ಒಂದು ಕಾಲು ಗಿಡ್ಡ ಉಂಟು. ಇಂಥದ್ದು ಇನ್ನೊಂದೆರಡು ಸಿಗಬಹುದಾ?" ಎಂದು ಕೇಳಿದ. ಬೇಸಿಗೆ ಬಂದಾಗ ಇದರ ತದ್ವಿರುದ್ಧ. ನಾಲ್ಕು ತಾಸಿಗೆ ಹಿಟ್ಟು ಕೊಳಗದ ಮುಚ್ಚಳ ಎತ್ತಿ ಹೊರಗೆ ಬಂದು, ನೆಲದಲ್ಲಿ ಹರಿದು, ಹೊಸ್ತಿಲ ತನಕ ಹೋಗಿ ನಿಂತಿತ್ತು. ಮನೆ ಬಿಟ್ಟು ಹೋಗಲು ಹೊರಟದ್ದು ಮನಸ್ಸು ಬದಲಿಸಿದ ಹಾಗೆ. ಆವತ್ತು ತಿಳಿಯಿತು, ಊರಿನಿಂದ ಬರುವಾಗ ಕೈ ತಂದರೆ ಸಾಲದು, ಇಲ್ಲಿನ ಗಾಳಿಗೂ ಒಂದು ಮಾತು ಕೇಳಬೇಕು.

ನಡುವಿನ ವರ್ಷಗಳನ್ನು ಬಿಡುತ್ತೇನೆ. ಡಬ್ಬಿ ನಾಲ್ಕು ಇದ್ದದ್ದು ನಲವತ್ತಾಯಿತು, ಬಾಲಿಗಂಜಿನಲ್ಲಿ ಸ್ಟೇಷನ್ನಿಗೆ ಹತ್ತಿರ ಒಂದು ನೆಲಮಹಡಿ ಬಾಡಿಗೆಗೆ ಹಿಡಿದೆವು. ಮುಂದೆ ಅಡುಗೆಮನೆ, ಹಿಂದೆ ನಾವು. ರುಬ್ಬುವ ಕಲ್ಲು ಹೋಗಿ ಗ್ರೈಂಡರ್ ಬಂತು. ಸಹಾಯಕ್ಕೆ ಇಬ್ಬರು ಹೆಂಗಸರು ದಕ್ಷಿಣದ ಲೋಕಲ್ ರೈಲು ಹಿಡಿದು ಬರುತ್ತಿದ್ದರು. ಆಮೇಲೆ ನಮ್ಮವರು ನಿವೃತ್ತರಾದರು.

ನಿವೃತ್ತಿಯಾದ ಗಂಡಸು ಮನೆಯಲ್ಲಿರುವುದೆಂದರೆ ನಡುಕೋಣೆಯಲ್ಲಿ ಹೊಸ ಕಪಾಟು ತಂದಿಟ್ಟ ಹಾಗೆ. ಎಲ್ಲಿ ತಿರುಗಿದರೂ ಮೊಣಕೈ ತಾಗುತ್ತದೆ. ಮೂರು ತಿಂಗಳು ಪೇಪರು ಓದಿದರು. ಆಮೇಲೆ ಅಡುಗೆಮನೆಗೆ ಬಂದು ಬಾಗಿಲಲ್ಲಿ ನಿಂತು ನೋಡತೊಡಗಿದರು. ನಾನು ಆರು ಇಡ್ಲಿ ಪಾತ್ರೆ ಆರು ಒಲೆಯ ಮೇಲೆ ಇಟ್ಟಿದ್ದೆ.

"ಎಷ್ಟು ಆವಿ ಪೋಲಾಗ್ತಾ ಉಂಟು ನೋಡು, ಜಲಜಾ."

"ಆಗ್ಲಿ ಬಿಡಿ. ಆವಿಗೆ ಎಂತ, ಮೇಲೆ ಹೋಗ್ತದೆ."

"ಮೇಲೆ ಹೋಗ್ತದೆ ಅಂದ್ರೆ? ಮೂವತ್ತೆರಡು ವರ್ಷ ನಾನು ಅದನ್ನು ಮೇಲೆ ಹೋಗ್ಲಿಕ್ಕೆ ಬಿಡದೆ ಹಿಡಿದವ, ಮಾರಾಯ್ತಿ."

ಒಂದು ವಾರ ಕಾಗದದ ಮೇಲೆ ಗೀಚಿದರು. ರೈಲು ಹಳಿಯಾಚೆಯ ಕಸ್ಬಾದ ಒಂದು ವರ್ಕ್‌ಶಾಪಿಗೆ ಹೋಗಿ ಕುಳಿತರು. ತಿಂಗಳಾದ ಮೇಲೆ ಇಡ್ಲಿ ಬಾಯ್ಲರ್ ಬಂತು. ದಪ್ಪ ತಗಡಿನ ಒಂದು ಪೀಪಾಯಿ, ಕೆಳಗೆ ಬೆಂಕಿ, ಬದಿಯಲ್ಲಿ ನೀರು ಎಷ್ಟುಂಟು ಎಂದು ತೋರಿಸುವ ಗಾಜು, ತಲೆಯ ಮೇಲೆ ಆವಿ ಹೆಚ್ಚಾದರೆ ಸೀಟಿ ಹೊಡೆದು ಬಿಟ್ಟುಬಿಡುವ ವಾಲ್ವು. ಅಲ್ಲಿಂದ ಒಂದು ಕೊಳವೆ ದೊಡ್ಡ ಸ್ಟೀಲ್ ಪೆಟ್ಟಿಗೆಗೆ. ಪೆಟ್ಟಿಗೆಯೊಳಗೆ ಹಂತ ಹಂತವಾಗಿ ತಟ್ಟೆ. ಒಂದೇ ಬೆಂಕಿ, ಒಂದೇ ಸಲಕ್ಕೆ ನೂರಕ್ಕೆ ಹತ್ತಿರ ಇಡ್ಲಿ, ಹತ್ತು ಹನ್ನೆರಡು ನಿಮಿಷ. ಹಿಟ್ಟಿನ ಕೊಳಗವನ್ನು ಚಳಿಗಾಲದಲ್ಲಿ ಹಳೆಯ ರಜಾಯಿ ಸುತ್ತಿ ಬಾಯ್ಲರಿನ ಬದಿಗೆ ಇಡಬೇಕು ಎಂದು ಕಂಡುಹಿಡಿದವರೂ ಅವರೇ. ಆ ಮೇಲೆ ನನ್ನ ಹಿಟ್ಟು ಯಾವ ಪೌಷದಲ್ಲೂ ಮಲಗಲಿಲ್ಲ. ಇದನ್ನು ಒಪ್ಪಿಕೊಳ್ಳುತ್ತೇನೆ. ಅವರ ಎದುರು ಒಪ್ಪಿಕೊಂಡಿರಲಿಲ್ಲ.

ಅಂದಿನಿಂದ ಬೆಳಿಗ್ಗೆ ಐದಕ್ಕೆ ಬಾಯ್ಲರ್ ಹಚ್ಚುವುದು ಅವರ ಕೆಲಸ. ಬೇರೆಯವರು ಮುಟ್ಟುವ ಹಾಗಿಲ್ಲ. ಕೊಳವೆ ಪೆಟ್ಟಿಗೆಗೆ ಸೇರುವಲ್ಲಿ ಒಂದು ಹಿತ್ತಾಳೆಯ ನಟ್ಟು ಇತ್ತು. ಅದು ಅರ್ಧ ಸುತ್ತು ಸಡಿಲವಾದರೂ ಚುಂಯ್ ಎಂದು ಆವಿ ಸೋರುತ್ತದೆ. ಅಪಾಯ ಏನಿಲ್ಲ, ಇಡ್ಲಿ ಎರಡು ನಿಮಿಷ ತಡ ಅಷ್ಟೇ. ಆದರೆ ಆ ಸದ್ದು ಅವರಿಗೆ ಆಗುವುದಿಲ್ಲ. ಮಗು ಅಳುವುದು ಕೇಳಿಯೂ ಸುಮ್ಮನೆ ಕುಳಿತ ಹಾಗೆ ಆಗುತ್ತದಂತೆ. ಸ್ನಾನದ ಮನೆಯಲ್ಲಿದ್ದರೂ ಟವಲು ಸುತ್ತಿಕೊಂಡು ಸ್ಪ್ಯಾನರ್ ಹಿಡಿದು ಬರುತ್ತಿದ್ದರು.

ಬೆಳಿಗ್ಗೆ ಆ ಹೊತ್ತು ಅಡುಗೆಮನೆ ತುಂಬ ಆವಿ. ನಲವತ್ತು ಕ್ಯಾಂಡಲಿನ ಬಲ್ಬು ಮೋಡದೊಳಗಿನ ಚಂದ್ರನ ಹಾಗೆ. ನಾನು ಎಲ್ಲಿ, ಅವರು ಎಲ್ಲಿ, ಗೋಡೆ ಎಲ್ಲಿ ಎಂದು ತಿಳಿಯುವುದಿಲ್ಲ. ಆ ಬಿಳಿಯೊಳಗಿಂದ ಒಂದು ಕೈ ಬಂದು ತಟ್ಟೆ ಕೊಡುತ್ತದೆ, ಇನ್ನೊಂದು ಕೈ ತೆಗೆದುಕೊಳ್ಳುತ್ತದೆ. ಕೆಲಸದ ಕಾಲ ನೆನೆದರೆ ಮೊದಲು ಕಾಣುವುದು ಅದೇ. ಮುಖಗಳು ಕಾಣುವುದಿಲ್ಲ.

ಇನ್ನು ನಮ್ಮವರ ರಾಜಕೀಯ. ಅವರು ಕೆಂಪು ಬಾವುಟದವರು. ಆಫೀಸರರಿಗೆ ಯೂನಿಯನ್ ಇಲ್ಲದಿದ್ದರೂ ಮುಷ್ಕರವಾದಾಗ ಗೇಟಿನ ಹೊರಗೆ ಕೆಲಸದವರ ಜೊತೆ ನಿಲ್ಲುತ್ತಿದ್ದರು. ಅದರಿಂದ ಅವರಿಗೆ ಸಿಗಬೇಕಾದ ಕುರ್ಚಿ ಇನ್ನೊಬ್ಬರಿಗೆ ಹೋಯಿತು, ಆ ಕಥೆ ಬೇಡ. ಇಷ್ಟು ವರ್ಷದಲ್ಲಿ ಒಂದು ಬಂದ್ ದಿನವೂ ಕೆಲಸ ಮಾಡಿದವರಲ್ಲ. ಅವರು ಹೆಮ್ಮೆಯಿಂದ ಹೇಳುತ್ತಿದ್ದದ್ದು ಅದೊಂದೇ. ಬಾಯ್ಲರಿನ ವಿಷಯದಲ್ಲೂ ಅಷ್ಟು ಹೆಮ್ಮೆ ಇರಲಿಲ್ಲ. ಕಂಪ್ಯೂಟರ್ ಬಂದರೆ ಕೆಲಸ ಹೋಗುತ್ತದೆ ಎಂದು ಮೆರವಣಿಗೆಗೂ ಹೋಗಿದ್ದರು. ಆಗ ವೀಣಾ, ನಮ್ಮ ಮಗಳು, ಅವರ ಹೆಗಲ ಮೇಲೆ ಕುಳಿತು ಒಂದು ಚಿಕ್ಕ ಬಾವುಟ ಆಡಿಸಿದ್ದಳು.

ಹೆಗಲ ಮೇಲೆ ಕುಳಿತವಳು ಇಳಿದು ಹೋಗಿ ಕಂಪ್ಯೂಟರನ್ನೇ ಕಲಿತಳು. ಅಷ್ಟರಲ್ಲಿ ಕಂಪ್ಯೂಟರ್ ಬೇಡ ಎಂದವರೇ ಬನ್ನಿ ಬನ್ನಿ ಎಂದು ಕಂಪನಿಗಳನ್ನು ಕರೆಯುತ್ತಿದ್ದರು. ಕಸ್ಬಾದಲ್ಲಿ, ಸಾಲ್ಟ್‌ಲೇಕಿನಲ್ಲಿ ಗಾಜಿನ ಕಟ್ಟಡ ಏಳುತ್ತಿತ್ತು. ವೀಣಾಳಿಗೆ ಕಸ್ಬಾದ ಒಂದರಲ್ಲಿ ಕೆಲಸ ಸಿಕ್ಕಿತು.

"ನಿಮ್ಮಲ್ಲಿ ಯೂನಿಯನ್ ಇಲ್ವಾ?" ಎಂದು ಕೇಳಿದರು ಅಪ್ಪ.

"ಎಚ್‌ಆರ್ ಇದೆ, ಪಪ್ಪಾ."

"ಅದು ಯಾರ ಕಡೆ?"

ಅವಳು ಊಟದ ತಟ್ಟೆ ಎತ್ತಿಕೊಂಡು ಟಿವಿ ಕೋಣೆಗೆ ಹೋದಳು. ಅಪ್ಪ ಮಗಳ ನಡುವೆ ಮಾತು ಅಲ್ಲಿಂದ ಸಣ್ಣದಾಯಿತು. "ಉಪ್ಪು ಕೊಡು", "ಫೋನು ನಿನಗೆ", ಅಷ್ಟೇ.

ಆದರೆ ಆ ಆಫೀಸಿನ ಊಟದ ಆರ್ಡರು ಬಂದದ್ದು ಅವಳಿಂದ. ಇನ್ನೂರು ಜನ. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ. ಅಲ್ಲಿನ ವ್ಯವಸ್ಥೆ ನೋಡಿಕೊಳ್ಳುವವಳು ಮಿಸ್ ದತ್ತಾ. ಸಣ್ಣ ಹೆಂಗಸು, ಹಿಮ್ಮಡಿ ಎತ್ತರದ ಚಪ್ಪಲಿ, ಸದ್ದು ಮೊದಲು ಬರುತ್ತದೆ, ಆಮೇಲೆ ಅವಳು. ಒಂದು ಇಡ್ಲಿ ಎತ್ತಿ ಒತ್ತಿ ನೋಡಿ, ಮೂಸಿ, ಆಮೇಲೆ ಸಹಿ ಹಾಕುವವಳು. ಅಂಥವರ ಕೆಳಗೆ ಕೆಲಸ ಮಾಡಿದರೆ ಕೈ ನೆಟ್ಟಗಾಗುತ್ತದೆ. ನಗುತ್ತಾ ಎಲ್ಲವನ್ನೂ ಒಪ್ಪುವವರು ಒಂದು ದಿನ ನಗುತ್ತಲೇ ಆರ್ಡರು ಬೇರೆಯವರಿಗೆ ಕೊಡುತ್ತಾರೆ, ತೂಲಿ.

ಬಂದಿನ ಹಿಂದಿನ ದಿನ. ಚಳಿಗಾಲ. ಮಧ್ಯಾಹ್ನ ಮೂರು ಗಂಟೆಗೇ ರುಬ್ಬಿ ಮುಗಿಸಿ ರಜಾಯಿ ಸುತ್ತಿ ಇಟ್ಟಿದ್ದೆ. ನಾಲ್ಕಕ್ಕೆ ಕೆಂಪು ಬಾವುಟದವರು ಆಟೋ ಮೇಲೆ ಮೈಕು ಕಟ್ಟಿಕೊಂಡು ಬಂದರು. ನಾಳೆ ಹನ್ನೆರಡು ತಾಸಿನ ಬಂದ್. ನಾನು ಕೊಳಗ ನೋಡಿದೆ. ಮೂರು ಕೊಳಗ, ತುಂಬ.

ಆರು ಗಂಟೆಗೆ ಮಿಸ್ ದತ್ತಾ ಫೋನು. ಇವತ್ತು ಯಾರನ್ನೂ ಮನೆಗೆ ಬಿಡುವುದಿಲ್ಲ, ಎಲ್ಲ ಆಫೀಸಿನಲ್ಲೇ ಮಲಗುತ್ತಾರೆ, ನಾಳೆ ಕೆಲಸ ನಡೆಯುತ್ತದೆ, ಹೊರಗೆ ಒಂದು ಅಂಗಡಿಯೂ ತೆರೆಯುವುದಿಲ್ಲ. "ಆಂಟಿಜೀ, ನೀವು ತರದಿದ್ದರೆ ಇಲ್ಲಿ ಬಿಸ್ಕೆಟೂ ಇಲ್ಲ" ಎಂದಳು. ಅದರ ಹಿಂದೆಯೇ ವೀಣಾಳ ಫೋನು. "ಅಮ್ಮಾ, ನಾನು ಇವತ್ತು ಬರಲ್ಲ. ಕುರ್ಚಿ ಜೋಡಿಸಿ ಮಲಗ್ತೀನಿ."

ನಮ್ಮವರಿಗೆ ಹೇಳಿದೆ. ಪೇಪರಿನಿಂದ ತಲೆ ಎತ್ತಲಿಲ್ಲ.

"ನಾಳೆ ನಾನು ಬಾಯ್ಲರ್ ಹಚ್ಚುವುದಿಲ್ಲ."

"ಮಗಳು ಅಲ್ಲಿದ್ದಾಳೆ."

"ಯಾರು ಬೇಡ ಅಂದದ್ದು? ಬಂದ್ ಅಂದ್ಮೇಲೆ ಬಂದ್. ನನ್ನ ಮಗಳಿಗೆ ಒಂದು, ಮಂದಿಯ ಮಕ್ಕಳಿಗೆ ಒಂದು ಅಂತ ಇಲ್ಲ."

"ಹಿಟ್ಟನ್ನು ಎಂತ ಮಾಡೂದು? ನೀವು ಭಾಷಣ ಮಾಡಿ ಇಳಿಸಿ ನೋಡುವ."

ಅವರು ಪೇಪರಿನ ಹಾಳೆ ತಿರುಗಿಸಿದರು.

ಬೆಳಿಗ್ಗೆ ಐದಕ್ಕೆ ಎದ್ದು ನಾನೇ ಹಚ್ಚಿದೆ. ನೀರು ಗಾಜಿನ ಗುರುತಿನ ತನಕ ತುಂಬಿಸಿದೆ, ಅದು ನೋಡಿ ಗೊತ್ತಿತ್ತು. ಸಹಾಯದ ಹೆಂಗಸರಿಗೆ ರೈಲು ಇಲ್ಲ, ನಾನೊಬ್ಬಳೇ. ತೆಂಗಿನಕಾಯಿ ತುರಿಯುತ್ತಾ ಕುಳಿತೆ. ಸ್ವಲ್ಪ ಹೊತ್ತಿನಲ್ಲಿ ಬಾಯ್ಲರ್ ಒಳಗೆ ಗುಂಯ್ ಎನ್ನತೊಡಗಿತು. ದಿನಾ ಆ ಹೊತ್ತಿಗೆ ಸೀಟಿ ಆಗಬೇಕು. ಆಗಲಿಲ್ಲ. ಗುಂಯ್ ಎನ್ನುವುದು ಗಟ್ಟಿಯಾಯಿತು. ನನಗೆ ಅದರ ಅರ್ಥ ತಿಳಿಯಲಿಲ್ಲ. ಹಿಂದಿನ ಕೋಣೆಯಲ್ಲಿ ಮಲಗಿದ್ದವರಿಗೆ ತಿಳಿಯಿತು.

ಬರಿಗಾಲಲ್ಲಿ ಬಂದರು. ಮೊದಲು ಬೆಂಕಿ ಆರಿಸಿದರು. "ಹಿಂದೆ ಸರಿ" ಎಂದರು. ಸೌಟಿನ ಮರದ ಹಿಡಿಯಿಂದ ವಾಲ್ವಿಗೆ ಮೆಲ್ಲಗೆ ಎರಡು ತಟ್ಟಿದರು. ನಮ್ಮ ಬೋರಿನ ನೀರಿನ ಕಿಲುಬು ಹಿಡಿದು ಅಂಟಿಕೊಂಡಿತ್ತು ಅದು. ಒಂದೇ ಸಲಕ್ಕೆ ಬಿಟ್ಟಿತು. ಸೀಟಿ ಅಲ್ಲ, ಆನೆ ಕೂಗಿದ ಹಾಗೆ. ಇಡೀ ಅಡುಗೆಮನೆ ಬಿಳಿಯಾಗಿ ಅವರು ಕಾಣದೆ ಹೋದರು. ಆ ಬಿಳಿಯೊಳಗಿಂದ ಬೈಗುಳ ಮಾತ್ರ ಬಂತು.

"ವಾಲ್ವು ಎತ್ತಿ ನೋಡದೆ ಬೆಂಕಿ ಹಚ್ಚೂದಾ? ಮನೆ ಹಾರಿಸ್ಲಿಕ್ಕೆ ಹೊರಟದ್ದಾ?"

"ನಿಮ್ಮನ್ನು ಎಬ್ಬಿಸ್ಲಿಕ್ಕೆ ಬೇರೆ ದಾರಿ ಇರ್ಲಿಲ್ಲ" ಎಂದೆ. ಅದು ಸುಳ್ಳು. ವಾಲ್ವು ಎತ್ತಿ ನೋಡಬೇಕೆಂದು ನನಗೆ ನಿಜವಾಗಿ ಗೊತ್ತಿರಲಿಲ್ಲ.

ಆವಿ ಇಳಿಯಿತು. ಅವರು ವಾಲ್ವು ಬಿಚ್ಚಿ ತೊಳೆದು ಹಾಕಿ, ಮತ್ತೆ ಬೆಂಕಿ ಹಚ್ಚಿ, ಗಾಜಿನ ಎದುರು ಸ್ಟೂಲ್ ಎಳೆದುಕೊಂಡು ಕುಳಿತರು. ನಾನು ನೋಡುತ್ತಿದ್ದೇನೆ ಎಂದು ಗೊತ್ತಾಗಿ, ಗೋಡೆಗೆ ಹೇಳಿದ ಹಾಗೆ ಹೇಳಿದರು:

"ಕಾರ್ಖಾನೆಯಲ್ಲಿ ಮುಷ್ಕರ ಆದಾಗ್ಲೂ ಬಾಯ್ಲರ್ ಹತ್ರ ಒಬ್ಬ ಇರ್ತಿದ್ದ. ಯೂನಿಯನ್ನಿನವರೇ ಇರಿಸ್ತಿದ್ರು. ಅದು ಕೆಲಸ ಅಲ್ಲ, ಕಾವಲು."

"ಸರಿ. ನೀವು ಕಾವಲು ಕಾಯಿರಿ. ಇಡ್ಲಿ ನಾನು ಬೇಯಿಸ್ತೇನೆ."

ಹಾಗೆ ಅವರು ಕಾವಲು ಕಾದರು, ಎಂಟು ಸಲ. ಎಂಟು ಸಲಕ್ಕೆ ಬೆಂದದ್ದು ಇನ್ನೂರು ಜನಕ್ಕೆ ಸಾಕು.

ತೆಗೆದುಕೊಂಡು ಹೋಗುವುದು ಹೇಗೆ? ದಿನಾ ಹರಿಪದ ಎನ್ನುವವನು ಮೂರು ಚಕ್ರದ, ಹಲಗೆ ಹಾಸಿದ ಸೈಕಲ್ ವ್ಯಾನಿನಲ್ಲಿ ಒಯ್ಯುತ್ತಿದ್ದ. ಬಂದ್ ದಿನ ಅವನು ತುಳಿಯುವುದಿಲ್ಲ. ಆದರೆ ವ್ಯಾನನ್ನು ನಮ್ಮ ಬಾಗಿಲಲ್ಲೇ ಬಿಟ್ಟಿದ್ದ, ಸರಪಳಿ ಹಾಕದೆ. ಬಾಗಿಲು ತೆರೆದಾಗ ಎದುರಿನ ಜಗಲಿಯಲ್ಲಿ ಕುಳಿತು ಚಾ ಕುಡಿಯುತ್ತಿದ್ದವನು ಮುಖ ಆಚೆ ತಿರುಗಿಸಿ, "ಆಮಿ ಕಿಛು ದೇಖಿನಿ, ಬೌದಿ" ಎಂದ. ನಾನೇನೂ ನೋಡಿಲ್ಲ ಅತ್ತಿಗೆ, ಎಂದು.

ನಾನು ಕೊಳಗಗಳನ್ನು ಹೊತ್ತು ತಂದು ಇಟ್ಟೆ. ಸೈಕಲ್ ತುಳಿಯಲು ಬಾರದು, ತಳ್ಳುವುದೇ. ಸಮತಟ್ಟಿನಲ್ಲಿ ಹೋಯಿತು. ನಮ್ಮಲ್ಲಿಂದ ಕಸ್ಬಾಕ್ಕೆ ಹೋಗಬೇಕಾದರೆ ಬಾಲಿಗಂಜ್ ಸ್ಟೇಷನ್ನಿನ ಹಳಿಗಳ ಮೇಲಿನ ಸೇತುವೆ ದಾಟಬೇಕು. ಏರು ಶುರುವಾದ ಕಡೆ ವ್ಯಾನು ನಿಂತಿತು. ನಾನು ಒಂದು ಹೆಜ್ಜೆ ತಳ್ಳಿದರೆ ಅದು ನನ್ನನ್ನು ಎರಡು ಹೆಜ್ಜೆ ತಳ್ಳುತ್ತದೆ. ಸಾಂಬಾರು ಕುಲುಕಿ ಮುಚ್ಚಳದಿಂದ ಇಣುಕಿತು.

ಆಗ ಹಿಂದೆ ಭಾರ ಕಡಿಮೆಯಾಯಿತು. ತಿರುಗಿದರೆ ನಮ್ಮವರು. ಸ್ವೆಟರ್ ಹಾಕಿ, ಮಂಗನಟೊಪ್ಪಿ ಇಳಿಬಿಟ್ಟು, ಎರಡೂ ಕೈ ಹಲಗೆಗೆ ಕೊಟ್ಟಿದ್ದರು.

"ಇದೂ ಕಾವಲಾ?" ಎಂದೆ.

"ಬಾಯಿ ಮುಚ್ಚಿ ಹ್ಯಾಂಡಲ್ ನೆಟ್ಟಗೆ ಹಿಡಿ."

ನನಗೆ ಕನಸಿನಲ್ಲಿ ನಂಬಿಕೆ ಇಲ್ಲ, ಬೀಳುವುದೂ ಕಡಿಮೆ. ಆದರೆ ಆ ಸೇತುವೆಯನ್ನು ಎಚ್ಚರದಲ್ಲಿ ಏರಿದೆನೋ ಇಲ್ಲವೋ ಎಂದು ಈಗಲೂ ಅನುಮಾನ ಬರುತ್ತದೆ. ಮಂಜು ದಟ್ಟ. ಬಸ್ಸಿಲ್ಲ, ಆಟೋ ಇಲ್ಲ, ಹಾರ್ನ್ ಇಲ್ಲ. ಕಲ್ಕತ್ತದಲ್ಲಿ ನಾನು ನನ್ನ ಚಪ್ಪಲಿಯ ಸದ್ದು ಕೇಳಿದ್ದು ಆವತ್ತೇ ಮೊದಲು. ಕೆಳಗೆ ಲೋಕಲ್ ರೈಲುಗಳು ನಿಂತಲ್ಲೇ ಮಲಗಿದ್ದವು, ನದಿ ಬತ್ತಿದ ಮೇಲೆ ಉಳಿದ ದೋಣಿಗಳ ಹಾಗೆ. ಹಳಿಯ ಮೇಲೆ ಯಾರೋ ಸೀರೆ ಒಣಗಲು ಹಾಸಿದ್ದರು. ಕೊಳಗದ ಆವಿ ಹೋಗಿ ಮಂಜಿಗೆ ಸೇರುತ್ತಿತ್ತು. ಎಲ್ಲಿ ನಮ್ಮದು ಮುಗಿಯುತ್ತದೆ, ಎಲ್ಲಿ ಊರಿನದು ಶುರುವಾಗುತ್ತದೆ ಎಂದು ಹೇಳಲು ಬರುತ್ತಿರಲಿಲ್ಲ. ಹಿಂದೆ ಅವರ ಉಸಿರು, ಏರು ಹತ್ತುವ ಹಳೆಯ ಇಂಜಿನ್ನಿನ ಹಾಗೆ. ಈ ಸೇತುವೆ ಮುಗಿಯದಿದ್ದರೂ ಅಡ್ಡಿಯಿಲ್ಲ ಎಂದು ಒಂದು ಗಳಿಗೆ ಅನಿಸಿತು. ಮರುಗಳಿಗೆ ಚಟ್ನಿ ಹುಳಿಯಾದೀತು ಎಂದು ನೆನಪಾಯಿತು.

ಸೇತುವೆಯ ನೆತ್ತಿಯಲ್ಲಿ ಬಾವುಟ ಕಾಣಿಸಿತು. ಐದಾರು ಜನ ಬೆಂಚು ಅಡ್ಡ ಇಟ್ಟು, ಚಳಿ ಕಾಯಿಸುತ್ತಾ, ಇಸ್ಪೀಟು ಆಡುತ್ತಿದ್ದರು. ಮುಖಂಡ ಬಾಪಿ, ನಮ್ಮ ಬಾಲಿಗಂಜ್ ಮಾರ್ಕೆಟ್ಟಿನ ಮೀನಿನವನು. ನಲವತ್ತು ದಾಟಿದ ಗಂಡಸು. ನಮ್ಮವರು ಅವನಿಗೆ ರಾವ್‌ದಾ, ಅಂದರೆ ರಾವ್ ಅಣ್ಣ, ಇಬ್ಬರೂ ಒಂದೇ ಸಭೆಗಳಿಗೆ ಹೋಗುವವರು. ಅವರ ಮಾತು ಬಂಗಾಳಿಯಲ್ಲಿ ನಡೆಯಿತು, ನಾನು ನಮ್ಮ ಭಾಷೆಯಲ್ಲಿ ಬರೆಯುತ್ತೇನೆ.

"ರಾವ್‌ದಾ, ನೀವಾ? ಇದು ಎಂಥ ಬಂದ್? ನಿಮ್ಮ ಹೆಂಡತಿ ಕಂಪನಿಗೆ ಊಟ ಒಯ್ತಿದ್ದಾರೆ!"

"ಅವಳು ನನ್ನ ಯೂನಿಯನ್ ಮೆಂಬರ್ ಅಲ್ಲ" ಎಂದರು ನಮ್ಮವರು.

ಉಳಿದವರು ನಕ್ಕರು. ಬಾಪಿ ನಗಲಿಲ್ಲ. "ಮತ್ತೆ ನೀವು?"

ಅವರು ಕೈ ತೆಗೆದರು. ವ್ಯಾನು ಆಗ ಸರಿಯಾಗಿ ನೆತ್ತಿಯ ಮೇಲೆ ನಿಂತಿತ್ತು, ಆಚೆಗೂ ಇಲ್ಲ ಈಚೆಗೂ ಇಲ್ಲ. ಅವರು ನನ್ನ ಕಡೆ ನೋಡಿ, "ಇಲ್ಲಿಂದ ಇಳಿಜಾರು. ಬ್ರೇಕ್ ಬಲಗೈಯಲ್ಲಿ ಉಂಟು. ಮೆಲ್ಲ ಹೋಗು" ಎಂದರು. ಆಮೇಲೆ ಬಾಪಿಯ ಬೆಂಚಿನ ಮೇಲೆ ಹೋಗಿ ಕುಳಿತು, "ನನಗೂ ಎಲೆ ಹಾಕು" ಎಂದರು.

ಬಾಪಿ ಒಂದು ಗಳಿಗೆ ವ್ಯಾನು ನೋಡಿದ, ಒಂದು ಗಳಿಗೆ ಅವರನ್ನು ನೋಡಿದ. ಬೆಂಚು ಅರ್ಧ ಸರಿಸಿದ. ನಾನು ಇಳಿದೆ.

ಕಂಪನಿಯ ಗೇಟಿನಲ್ಲಿ ಮಿಸ್ ದತ್ತಾ ಬರಿಗಾಲಲ್ಲಿ ನಿಂತಿದ್ದಳು. ಎತ್ತರದ ಚಪ್ಪಲಿಯಲ್ಲಿ ಒಂದು ಹಗಲು ಒಂದು ಇರುಳು ಕಳೆದಿದ್ದಳು. ಆವತ್ತು ಇಡ್ಲಿ ಒತ್ತಿ ನೋಡಲಿಲ್ಲ, ಎರಡು ತಿಂದಳು. ಒಳಗೆ ಕಾಗದದ ಪೆಟ್ಟಿಗೆ ಹಾಸಿ, ಮೇಜಿನ ಕೆಳಗೆ ಕಾಲು ಚಾಚಿ ಮಲಗಿದ್ದ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಬಂದರು. ಹಲ್ಲುಜ್ಜಿರಲಿಲ್ಲ. ಮುಖದ ಮೇಲೆ ಕೀಲಿಮಣೆಯ ಗುರುತು ಬಿದ್ದವನೊಬ್ಬ ಇದ್ದ. ವೀಣಾ ಆರು ಇಡ್ಲಿ ತಿಂದಳು, ಮನೆಯಲ್ಲಿ ಮೂರಕ್ಕೆ ಸಾಕು ಎನ್ನುವವಳು.

ಪಾತ್ರೆ ತೊಳೆದು, ಮಧ್ಯಾಹ್ನಕ್ಕೆ ತಂದಿದ್ದ ಮೊಸರನ್ನವನ್ನೂ ಬಡಿಸಿ ಹೊರಡುವಾಗ ಮೂರು ಗಂಟೆ. ವೀಣಾಳ ಪಾಳಿ ಮುಗಿದಿತ್ತು. ಅವಳೂ ನನ್ನ ಜೊತೆ ವ್ಯಾನು ತಳ್ಳುತ್ತಾ ಬಂದಳು. ಮಂಜು ಹೋಗಿ ಎಳೆ ಬಿಸಿಲು ಬಿದ್ದಿತ್ತು. ನಡುರಸ್ತೆಯಲ್ಲಿ ಜನ ಕ್ರಿಕೆಟ್ ಆಡುತ್ತಿದ್ದರು.

ನೆತ್ತಿಯಲ್ಲಿ ನಮ್ಮವರು ಇನ್ನೂ ಕುಳಿತಿದ್ದರು. ಎದ್ದು ಬಂದು ಖಾಲಿ ಕೊಳಗದೊಳಗೆ ಇಣುಕಿ ನೋಡಿದರು. ಮಗಳನ್ನು ಬಿಟ್ಟು ನನ್ನನ್ನು ಕೇಳಿದರು.

"ಇವಳು ಎಂತ ತಿಂದಳು?"

"ಆರು."

"ನಿದ್ದೆ ಮಾಡಿದ್ಳಾ?"

ವೀಣಾಳಿಗೆ ರೇಗಿತು. "ಪಪ್ಪಾ, ನಾನು ಇಲ್ಲೇ ನಿಂತಿದ್ದೀನಿ. ನಿಮ್ಮ ಬಂದ್‌ನಿಂದ ಕುರ್ಚಿ ಮೇಲೆ ಮಲಗಿದೆ."

"ಬಂದ್‌ನಿಂದ ಅಲ್ಲ. ನಿನ್ನನ್ನು ಮನೆಗೆ ಬಿಡದ ಕಂಪನಿಯಿಂದ."

"ಹೌದಾ? ಬೆಳಿಗ್ಗೆ ಬಾಯ್ಲರ್ ಹತ್ರ ಕೂತದ್ದು ಯಾರು? ಅಮ್ಮ ಹೇಳಿದ್ರು. ನಿಮ್ಮ ಆವಿಯಲ್ಲಿ ಬೆಂದದ್ದು ತಿಂದು ಇನ್ನೂರು ಜನ ಕೆಲಸ ಮಾಡಿದ್ರು. ಬಂದ್ ಮುರಿದದ್ದು ನಾವಲ್ಲ ಪಪ್ಪಾ, ನೀವು!"

ಕನ್ನಡದಲ್ಲೇ ಹೇಳಿದಳು, ಬಾಪಿಗೆ ತಿಳಿಯಲಿಲ್ಲ. ಅದೊಂದು ಪುಣ್ಯ. ನನ್ನ ಬಾಯಿಯದೇ ತಪ್ಪು. ಬೆಳಿಗ್ಗೆಯ ಕಥೆಯನ್ನು ನಗಲಿಕ್ಕೆ ಎಂದು ಅವಳಿಗೆ ಹೇಳಿದ್ದು ನಾನು.

ನಮ್ಮವರ ಕೈಯಲ್ಲಿ ಇಸ್ಪೀಟಿನ ಎಲೆ ಇನ್ನೂ ಇತ್ತು. ಅದನ್ನು ಬೆಂಚಿನ ಮೇಲೆ ಕವುಚಿ ಹಾಕಿದರು.

"ಅವಳು ಹೇಳಿದ್ದು ಸರಿ, ಜಲಜಾ" ಎಂದರು. "ಕಾವಲು ಅಂತ ನಾನೇ ನನಗೆ ಹೇಳಿಕೊಂಡೆ. ನಾಳೆಯಿಂದ ಬಾಯ್ಲರಿಗೆ ಬೇರೆ ಜನ ನೋಡು. ನಾನು ಮುಟ್ಟುವುದಿಲ್ಲ."

ನಡೆದುಕೊಂಡು ಮುಂದೆ ಹೋದರು. ನಾವಿಬ್ಬರು ಹಿಂದೆ ವ್ಯಾನು ಹಿಡಿದುಕೊಂಡು. ಇಳಿಜಾರಿನಲ್ಲಿ ಅದು ತಾನೇ ಹೋಗುತ್ತಿತ್ತು, ಹಿಡಿದು ನಿಲ್ಲಿಸುವುದೇ ಕಷ್ಟ. ವೀಣಾ ಅಳುತ್ತಿದ್ದಳು. "ನಾನು ಹಾಗೆ ಹೇಳಬಾರದಿತ್ತಾ?" ಎಂದಳು. "ಹೇಳಿ ಆಯ್ತಲ್ಲ, ಈಗ ಬ್ರೇಕ್ ಹಿಡಿ" ಎಂದೆ.

ಇಲ್ಲಿ ತೂಲಿಗೆ ಒಂದು ಮಾತು. ಆ ಬಂದ್ ಆದ ಮೇಲೆ ಮಿಸ್ ದತ್ತಾಳ ಜೊತೆ ನಾನು ಒಂದು ಮಾತು ಮಾಡಿಕೊಂಡೆ. ಬಂದ್ ಎಂದರೆ ಹಿಂದಿನ ಸಂಜೆಯೇ ಅವಲಕ್ಕಿ, ಚರುಮುರಿ, ಬಾಳೆಹಣ್ಣು ತಂದಿಡುತ್ತೇನೆ, ಆ ದಿನ ನನ್ನ ಒಲೆ ಹತ್ತುವುದಿಲ್ಲ. ಅವಳು ಒಪ್ಪಿದಳು. ಇದನ್ನು ಮೊದಲೇ ಮಾಡಿಕೊಂಡಿದ್ದರೆ ಮನೆಯಲ್ಲಿ ಇಷ್ಟು ಆಗುತ್ತಿರಲಿಲ್ಲ. ಎಲ್ಲ ದಿನ ನಡೆಯುವುದನ್ನು ಯಾರೂ ಮಾತಾಡಿಕೊಳ್ಳಬೇಕಾಗಿಲ್ಲ, ನಡೆಯದ ದಿನ ಏನು ಎನ್ನುವುದನ್ನೇ ಮೊದಲು ಕೇಳು. ನಾನು ಕೇಳಿರಲಿಲ್ಲ. ಮೂರು ಕೊಳಗ ಹಿಟ್ಟು ಎಲ್ಲರಿಗಿಂತ ಮೊದಲು ತೀರ್ಮಾನ ಮಾಡಿಬಿಟ್ಟಿತು.

ಆ ಸಂಜೆ ಅವರು ಉಣ್ಣಲಿಲ್ಲ ಎಂದೇನಿಲ್ಲ, ಉಂಡರು. ಸ್ಪ್ಯಾನರ್ ತಂದು ನನ್ನ ಮಸಾಲೆ ಡಬ್ಬಿಯ ಪಕ್ಕ ಇಟ್ಟು ಹೋದರು. ಅದು ಮಾತಿಗಿಂತ ಕೆಟ್ಟದ್ದು. ಬಾಯ್ಲರ್ ಇಲ್ಲದಿದ್ದರೆ ಅವರ ಬೆಳಗಿಗೆ ಪೇಪರೊಂದೇ ಉಳಿಯುತ್ತದೆ. ಪೇಪರು ಒಂದು ತಾಸಿಗೆ ಮುಗಿಯುತ್ತದೆ. ಉಳಿದ ಹೊತ್ತಿಗೆ ಮನುಷ್ಯ ಎಷ್ಟು ಬೇಗ ಮುದುಕನಾಗುತ್ತಾನೆ ಎಂದು ನಾನು ನಿವೃತ್ತಿಯ ಆ ಮೊದಲ ಮೂರು ತಿಂಗಳಲ್ಲಿ ಕಂಡಿದ್ದೆ.

ಮರುದಿನ ಬೆಳಿಗ್ಗೆ ಐದಕ್ಕೆ ಎದ್ದೆ. ವಾಲ್ವು ಎತ್ತಿ ನೋಡಿದೆ, ಸಲೀಸಾಗಿ ಎದ್ದಿತು. ಗಾಜಿನ ಗುರುತಿನ ತನಕ ನೀರು ತುಂಬಿಸಿ ಬೆಂಕಿ ಹಚ್ಚಿದೆ. ಪೆಟ್ಟಿಗೆಯಲ್ಲಿ ತಟ್ಟೆ ಇಟ್ಟೆ. ಸೀಟಿ ಆಯಿತು. ಆಮೇಲೆ ಮಸಾಲೆ ಡಬ್ಬಿಯ ಪಕ್ಕದಿಂದ ಸ್ಪ್ಯಾನರ್ ತೆಗೆದು ಹಿತ್ತಾಳೆಯ ನಟ್ಟನ್ನು ಅರ್ಧ ಸುತ್ತು ಸಡಿಲ ಮಾಡಿದೆ. ಚುಂಯ್ ಎಂದಿತು. ಸ್ಪ್ಯಾನರನ್ನು ಅವರ ಸ್ಟೂಲಿನ ಮೇಲಿಟ್ಟು, ಹಿಂದಿನ ಕೋಣೆಯ ಬಾಗಿಲು ಸ್ವಲ್ಪ ತೆರೆದಿಟ್ಟು ಬಂದು ಉದ್ದು ತೊಳೆಯಲು ಕುಳಿತೆ.

ಒಂದನೇ ನೀರು ಚೆಲ್ಲಿದೆ. ಎರಡನೇ ನೀರು ಚೆಲ್ಲಿದೆ. ಮೂರನೇ ನೀರು ಹಾಕುವಾಗ ಅವರ ಚಪ್ಪಲಿಯ ಸದ್ದು ಬಾಗಿಲ ತನಕ ಬಂದು ನಿಂತಿತು. ನಾನು ತಲೆ ಎತ್ತಲಿಲ್ಲ, ಉದ್ದು ತೊಳೆಯುತ್ತಲೇ ಇದ್ದೆ.